ವ್ಯಾಟ್ ಎಷ್ಟು ಅಂತಲ್ಲ, ಎಷ್ಟು ಓಮಿಗೆ ಅಂತ ಕೇಳು

ಆಷಾಢದಲ್ಲಿ ಮದುವೆಗಳಿಲ್ಲ. ಆದವಾನಿಯ ಮೈಕ್‌ಸೆಟ್ ಅಂಗಡಿಯವರಿಗೆ ಅದು ರಿಪೇರಿಯ ತಿಂಗಳು. ಸುಟ್ಟ ಹಾರ್ನ್ ಯೂನಿಟ್ ಬಿಚ್ಚಿ ಡಯಾಫ್ರಾಂ ಬದಲಿಸುವುದು, ಅಹುಜಾ ಆಂಪ್ಲಿಫೈಯರ್‌ಗಳ ಧೂಳು ಹೊಡೆಯುವುದು, ಕಿಲುಬು ಹಿಡಿದ ಜ್ಯಾಕುಗಳನ್ನು ಉಜ್ಜುವುದು ಎಲ್ಲ ಆಗಲೇ. ಅಂಥದೊಂದು ಅಂಗಡಿಯ ಬೆಂಚಿನ ಮೇಲೆ ಬೆಂಗಳೂರಿನಿಂದ ಬಂದ ಸೋದರಳಿಯ ತನ್ನ ಬ್ಯಾಗು ಬಿಚ್ಚಿದ. ಕಿವಿಯ ಜೊತೆ ಅರ್ಧ ಕೆನ್ನೆಯನ್ನೂ ಮುಚ್ಚುವಂಥ ಹೆಡ್‌ಫೋನು, ಫೋನಿಗೆ ಸಿಕ್ಕಿಸಿ ಹೆಡ್‌ಫೋನು ಜೋಡಿಸುವ ಒಂದು ಪುಟ್ಟ ಡಾಂಗಲ್ಲು, ಒಂದು ಭಾರವಾದ ಲೋಹದ ಪೆಟ್ಟಿಗೆ.

“ಕಿವಿಗೆ ಹಾಕ್ಕೊಳ್ಳೋದಕ್ಕೂ ಆಂಪ್ಲಿಫೈಯರಾ?” ಎಂದರು ಮಾಮ.

“ಇದು ಪ್ಲೇನಾರ್ ಮ್ಯಾಗ್ನೆಟಿಕ್ ಮಾಮ. ಬರೀ ಫೋನಿಗೆ ಸಿಕ್ಕಿಸಿದ್ರೆ ಇದಕ್ಕೆ ಸಾಲಲ್ಲ ಅಂತ ಎಲ್ಲರೂ ಅಂತಾರೆ. ಅದಕ್ಕೇ ತಗೊಂಡೆ.”

“ಎಷ್ಟು ಓಮು?”

ಅಳಿಯನಿಗೆ ಪೆಟ್ಟಿಗೆಯೊಳಗಿನ ಚಿಪ್ಪಿನ ಹೆಸರು ಬಾಯಿಪಾಠವಿತ್ತು. ಹೆಡ್‌ಫೋನಿನ ಓಮನ್ನು ಮಾತ್ರ ಹುಡುಕಿ ಹೇಳಬೇಕಾಯಿತು. ಹೈಫೈಮನ್ ಕಂಪನಿಯ ಎಚ್‌ಇ400ಎಸ್‌ಇ. 25 ಓಮ್, ಒಂದು ಮಿಲಿವ್ಯಾಟಿಗೆ 91 ಡೆಸಿಬಲ್.

ಮೈಕ್‌ಸೆಟ್‌ನವರಿಗೆ ಓಮ್ ಎನ್ನುವುದು ಹೊಟ್ಟೆಪಾಡಿನ ಲೆಕ್ಕ. ಹಾರ್ನ್ ಯೂನಿಟ್ಟು 16 ಓಮಿನದು. ಎರಡನ್ನು ಪ್ಯಾರಲಲ್ ಕೊಟ್ಟರೆ 8, ನಾಲ್ಕು ಕೊಟ್ಟರೆ 4. ಆಂಪ್ಲಿಫೈಯರಿನ ಬೆನ್ನಿಗೆ 4, 8, 16 ಎಂದು ಬರೆದ ಟರ್ಮಿನಲ್ಲುಗಳಿರುತ್ತವೆ. ಜಾತ್ರೆಯಲ್ಲಿ ಬೀದಿಯುದ್ದ ವೈರು ಎಳೆಯುವುದಿದ್ದರೆ 100 ವೋಲ್ಟಿನ ಲೈನು, ಒಂದೊಂದು ಹಾರ್ನಿಗೂ ಒಂದೊಂದು ಟ್ರಾನ್ಸ್‌ಫಾರ್ಮರು. ಇದನ್ನು ತಪ್ಪಿಸಿ ಕೊಟ್ಟವನ ಆಂಪ್ಲಿಫೈಯರ್ ತೇರು ಚೌಕಕ್ಕೆ ಬರುವ ಮೊದಲೇ ಮಲಗುತ್ತದೆ. ಹೊಂದಿಸುವುದು ಎಂದರೆ ಮಾಮನ ಪಾಲಿಗೆ ಇಷ್ಟೇ. ಬಿಸಿ ದನಿ, ತಂಪು ದನಿ ಎಂಬ ಮಾತೆಲ್ಲ ಅವರ ಕಿವಿಗೆ ಹೊಸತು.

ಅವರ ಕೈಯಲ್ಲಿ ಆಗಷ್ಟೇ ಯೂನಿಟ್ಟಿನಿಂದ ತೆಗೆದ ಸುಟ್ಟ ಡಯಾಫ್ರಾಂ ಇತ್ತು. ನಡುವೆ ಗುಮ್ಮಟ, ಅಂಚಿಗೆ ಅಂಟಿಸಿದ ತಾಮ್ರದ ಕಾಯಿಲು, ಅದರ ಒಂದು ಕಡೆ ಕರ್ರಗೆ ಸುಟ್ಟ ಗುರುತು.

“ನಮ್ಮದರಲ್ಲಿ ಕಾಯಿಲು ತಳ್ತೈತೆ, ಹಾಳೆ ಅಲುಗ್ತೈತೆ. ನಿಂದರಲ್ಲಿ ಏನೈತೆ?”

“ಕಾಯಿಲು ಬೇರೆ ಇಲ್ಲ ಮಾಮ. ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಅದರ ಮೈಮೇಲೇ ಅಂಕುಡೊಂಕಾಗಿ ಲೋಹದ ಗೆರೆ ಎಳೆದಿರ್ತಾರೆ. ಹಾಳೆ ಎದುರಿಗೆ ಸಾಲಾಗಿ ಅಯಸ್ಕಾಂತದ ಪಟ್ಟಿ. ಕರೆಂಟು ಗೆರೇಲಿ ಹರಿದ್ರೆ ಇಡೀ ಹಾಳೆ ಒಟ್ಟಿಗೆ ಅಲುಗ್ತೈತೆ.”

“ಅಂದ್ರೆ ಆ ಗೆರೆ ಬರೀ ರೆಸಿಸ್ಟರ್ ಇದ್ದಂಗೆ.”

ಮಾಮ ಒಂದೇ ಮಾತಿನಲ್ಲಿ ಮುಟ್ಟಿದ ಈ ಸಂಗತಿ ಪ್ಲೇನಾರಿನ ಅತಿ ದೊಡ್ಡ ಗುಣ. ಕಾಯಿಲಿನ ಹೆಡ್‌ಫೋನಿನಲ್ಲಿ ಓಮ್ ಸ್ಥಿರವಲ್ಲ. 300 ಓಮ್ ಎಂದು ಬರೆದ ಸೆನ್‌ಹೈಸರ್ ಎಚ್‌ಡಿ 600, ಮಂದ್ರದ ಕಡೆ 100 ಹರ್ಟ್ಸ್ ಆಸುಪಾಸಿಗೆ ಬಂದಾಗ ಅದಕ್ಕಿಂತ ಬಹಳ ಮೇಲೇರುತ್ತದೆ. ಆಂಪ್ಲಿಫೈಯರಿನ ಒಳಗಿನ ತಡೆ, ಅಂದರೆ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಿದ್ದರೆ ಆ ಉಬ್ಬಿನ ಜಾಗದಲ್ಲಿ ವೋಲ್ಟೇಜು ಹೆಚ್ಚು ಸಿಕ್ಕಿ ದನಿ ದಪ್ಪಗಾಗುತ್ತದೆ. ವಾಲ್ವ್ ಆಂಪ್ಲಿಫೈಯರಿನ ‘ಬೆಚ್ಚನೆ ದನಿ’ಯ ಒಂದು ಪಾಲು ಹುಟ್ಟುವುದು ಇಲ್ಲಿ. ಪ್ಲೇನಾರಿನ ಓಮ್ 20 ಹರ್ಟ್ಸಿನಿಂದ ತಾರದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ. ಆಂಪ್ಲಿಫೈಯರ್ ಬದಲಿಸಿದರೆ ದನಿ ಒಟ್ಟಾರೆ ಏರಬಹುದು, ಇಳಿಯಬಹುದು. ಮಂದ್ರ ಮಾತ್ರ ಉಬ್ಬುವುದು, ತಾರ ಮಾತ್ರ ತಗ್ಗುವುದು ಈ ದಾರಿಯಲ್ಲಿ ನಡೆಯುವುದಿಲ್ಲ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಯಮಹಾ ಕಂಪನಿ 1976ರಲ್ಲೇ ಎಚ್‌ಪಿ-1 ಎಂಬ ಇಂಥದೇ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತ್ತು. ಅದರ ರೂಪ ತಿದ್ದಿದವರು ಇಟಲಿಯ ವಿನ್ಯಾಸಕಾರ ಮಾರಿಯೋ ಬೆಲ್ಲಿನಿ. ಅದು 150 ಓಮಿನದು. ಈಗಿನವು ಬಹುತೇಕ ಅದಕ್ಕಿಂತ ತುಂಬ ಕಡಿಮೆ ಓಮಿನವು, ಬೇಡುವುದು ವೋಲ್ಟೇಜಿಗಿಂತ ಹೆಚ್ಚಾಗಿ ಕರೆಂಟನ್ನು.

“ಹಂಗಾದ್ರೆ ಲೆಕ್ಕ ಹಾಕೇ ಬಿಡೋಣ,” ಎಂದು ಮಾಮ ಬಿಲ್ಲಿನ ಪುಸ್ತಕ ತಿರುವಿ ಹಾಕಿದರು. “ನೀನು ಹಾಡು ಕೇಳೋದು ಎಷ್ಟು ಜೋರಾಗಿ?”

“ಸರಾಸರಿ 75 ಡೆಸಿಬಲ್ ಅಂದ್ಕೊಳ್ಳಿ. ತಬಲಾ ಪೆಟ್ಟು, ತಾನ್ ಬಂದಾಗ ಹದಿನೈದು ಇಪ್ಪತ್ತು ಮೇಲೆ. ಜಾಗ ಇರ್ಲಿ ಅಂತ 110ಕ್ಕೆ ಲೆಕ್ಕ ಹಾಕೋಣ.”

ಹತ್ತು ಡೆಸಿಬಲ್ ಏರಲು ಹತ್ತರಷ್ಟು ವ್ಯಾಟು ಬೇಕು. 91ರಿಂದ 110ಕ್ಕೆ 19 ಡೆಸಿಬಲ್. ಅಂದರೆ ಸುಮಾರು 80 ಮಿಲಿವ್ಯಾಟು. 25 ಓಮಿಗೆ ಅಷ್ಟು ಕೊಡಲು 1.4 ವೋಲ್ಟು, 56 ಮಿಲಿಆಂಪಿಯರು. ಅದೇ 300 ಓಮಿನ, 97 ಡೆಸಿಬಲ್ಲಿನ ಹೆಡ್‌ಫೋನಿಗಾದರೆ 20 ಮಿಲಿವ್ಯಾಟು ಸಾಕು, ಆದರೆ ವೋಲ್ಟು 2.4ಕ್ಕೆ ಹೋಗುತ್ತದೆ, ಕರೆಂಟು ಬರೀ 8 ಮಿಲಿಆಂಪಿಯರು. ಇನ್ನು 75 ಡೆಸಿಬಲ್ಲಿನ ಮಾಮೂಲಿ ಕೇಳ್ಮೆಗೆ ಅಳಿಯನ ಹೆಡ್‌ಫೋನು ತಿನ್ನುವುದು ಒಂದು ಮಿಲಿವ್ಯಾಟಿನ ನಲವತ್ತನೇ ಒಂದು ಪಾಲು.

250 ವ್ಯಾಟಿನ ಆಂಪ್ಲಿಫೈಯರನ್ನು ಮೆರವಣಿಗೆಯ ಟ್ರ್ಯಾಕ್ಟರಿಗೆ ಕಟ್ಟುವ ಮನುಷ್ಯ ಈ ಅಂಕಿ ನೋಡಿ ನಗದೆ ಏನು ಮಾಡಿಯಾರು? “ಆ ಡಾಂಗಲ್ಲು ಎಷ್ಟು ಕೊಡ್ತೈತೆ?”

“ಫುಲ್ ಇಟ್ರೆ ಒಂದು ವೋಲ್ಟು.”

“ಒಂದು ವೋಲ್ಟು, 25 ಓಮು. 40 ಮಿಲಿವ್ಯಾಟು. ನಿನ್ನ ಲೆಕ್ಕದಂತೆ ಎಷ್ಟು ಡೆಸಿಬಲ್ಲು?”

“107,” ಎಂದ ಅಳಿಯ, ಸ್ವಲ್ಪ ತಗ್ಗಿದ ದನಿಯಲ್ಲಿ.

“ಮತ್ತೆ ಈ ಪೆಟ್ಟಿಗೆ?”

“ಒಂದು ವ್ಯಾಟು ಮಾಮ.”

“ಎಷ್ಟು ಓಮಿಗೆ? ವ್ಯಾಟು ಎಷ್ಟು ಅಂತ ಮಾತ್ರ ಹೇಳೋರನ್ನ ನಂಬಬಾರದಪ್ಪ. ಪಿಎಂಪಿಒ ಕಾಲ ನೋಡಿದೋರು ನಾವು. ಟೇಪ್ ರೆಕಾರ್ಡರಿನ ಮೇಲೆ ಸಾವಿರ ವ್ಯಾಟ್ ಅಂತ ಬರೆದಿರ್ತಿತ್ತು, ಬಿಚ್ಚಿದ್ರೆ ಒಳಗೆ ಹೆಬ್ಬೆರಳು ಗಾತ್ರದ ಟ್ರಾನ್ಸ್‌ಫಾರ್ಮರು.”

ಪೆಟ್ಟಿಗೆಯ ಚೀಟಿಯಲ್ಲಿ ‘32 ಓಮಿಗೆ’ ಎಂದು ಪ್ರಾಮಾಣಿಕವಾಗಿಯೇ ಬರೆದಿತ್ತು. ಸಂದೇಹ ಅದರ ಶಕ್ತಿಯ ಮೇಲಲ್ಲ, ಅಗತ್ಯದ ಮೇಲೆ. ಆದರೆ ಎಲ್ಲ ಪ್ಲೇನಾರುಗಳೂ ಇಷ್ಟು ಸಾಧು ಅಲ್ಲ ಎಂದು ಅಳಿಯ ವಾದ ಹೂಡಿದ, ಅವನ ಮಾತಿನಲ್ಲಿ ಹುರುಳೂ ಇತ್ತು. ಅದೇ ಕಂಪನಿಯ ಹಳೆಯ ಎಚ್‌ಇ-6 ಎಂಬುದು 50 ಓಮಿನದು, ಒಂದು ಮಿಲಿವ್ಯಾಟಿಗೆ ಕೇವಲ 83.5 ಡೆಸಿಬಲ್. 110 ಮುಟ್ಟಲು ಅದಕ್ಕೆ 450 ಮಿಲಿವ್ಯಾಟು ಬೇಕು, 4.7 ವೋಲ್ಟು, 95 ಮಿಲಿಆಂಪಿಯರು. ಡಾಂಗಲ್ಲಿನಿಂದ ಅದು ಆಗದ ಮಾತು. ಅದನ್ನು ಕೊಂಡ ಕೆಲವರು ಹೆಡ್‌ಫೋನ್ ಆಂಪ್ಲಿಫೈಯರ್ ಬಿಟ್ಟು, ಸ್ಪೀಕರಿಗೆ ಮಾಡಿದ ಆಂಪ್ಲಿಫೈಯರಿನ ಟರ್ಮಿನಲ್ಲಿಗೇ ಜೋಡಿಸಿ ಕೇಳಿದ್ದುಂಟು. ಸುಸ್ವಾರಾ ಎಂಬ ದುಬಾರಿ ಹೆಡ್‌ಫೋನಿನದೂ ಅದೇ ಹಸಿವು: 60 ಓಮ್, 83 ಡೆಸಿಬಲ್. ಇನ್ನೊಂದು ತುದಿಯಲ್ಲಿ ಆಡೀಜ್ ಕಂಪನಿಯ ಎಲ್‌ಸಿಡಿ-ಎಕ್ಸ್ 20 ಓಮ್, 103 ಡೆಸಿಬಲ್; ಅದಕ್ಕೆ 5 ಮಿಲಿವ್ಯಾಟೇ ಸಾಕು. ಪ್ಲೇನಾರ್ ಅಂದ ಕೂಡಲೇ ದೊಡ್ಡ ಆಂಪ್ಲಿಫೈಯರ್ ಬೇಕೇ ಬೇಕು ಎನ್ನುವ ಮಾತು ಎಚ್‌ಇ-6ರ ಕಾಲದಲ್ಲಿ ಹುಟ್ಟಿ, ಹೆಡ್‌ಫೋನುಗಳು ಬದಲಾದ ಮೇಲೂ ಹಾಗೇ ಉಳಿದುಕೊಂಡಂತಿದೆ.

ಮಾಮನ ಕಣ್ಣು ಕಪಾಟಿನ ಮೇಲಿನ ಹಳೆಯ ರೇಡಿಯೋದ ಕಡೆ ಹೋಯಿತು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ವಾಲ್ವುಗಳನ್ನು ಕಿತ್ತು ಹಾಕಿ ಕೈ ಪಳಗಿದ ಜೀವ ಅದು. “ವಾಲ್ವಿನ ಆಂಪ್ಲಿಫೈಯರ್ ಇದಕ್ಕೆ ಕೊಟ್ರೆ?”

“ಸಿಗ್ತಾವೆ ಮಾಮ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲದವು.”

“ಟ್ರಾನ್ಸ್‌ಫಾರ್ಮರಿಲ್ಲದೆ ವಾಲ್ವಾ? ಇಎಲ್84 ಕೂಡ ಐದು ಸಾವಿರ ಓಮ್ ಲೋಡು ಕೇಳ್ತಿತ್ತಲ್ಲೋ. ಅದನ್ನ ನಾಲ್ಕು ಓಮಿನ ಸ್ಪೀಕರಿಗೆ ಇಳಿಸೋಕೇ ಆ ಟ್ರಾನ್ಸ್‌ಫಾರ್ಮರು.”

ಇಲ್ಲಿ ಮಾಮನ ಹಳೆಯ ಅನುಭವ ನೇರ ಗುರಿಗೆ ತಾಗಿತು. ಅಂಥ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಇದೆಯೆಂದುಕೊಂಡರೆ, 25 ಓಮಿನ ಹೆಡ್‌ಫೋನಿಗೆ ತಲುಪುವುದು ವೋಲ್ಟೇಜಿನ ಆರನೇ ಒಂದು ಪಾಲು. ಉಳಿದದ್ದು ಒಳಗೇ ಕರಗಿಹೋಗುತ್ತದೆ. ವಾಲ್ವಿನ ಮೋಹವಿದ್ದವರು 300 ಓಮಿನ ಕಾಯಿಲಿನ ಹೆಡ್‌ಫೋನು ಇಟ್ಟುಕೊಳ್ಳಲಿ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರನ್ನು ಹುಡುಕಲಿ. ಕೆಲವು ಹೆಡ್‌ಫೋನ್ ಆಂಪ್ಲಿಫೈಯರುಗಳಲ್ಲಿರುವ ಬ್ಯಾಲೆನ್ಸ್‌ಡ್ ಔಟ್‌ಪುಟ್ಟಿನ ಗುಟ್ಟೂ ಮಾಮನಿಗೆ ತಡವಾಗದೆ ಹೊಳೆಯಿತು. ಕಾರ್ ಸ್ಟೀರಿಯೋದಲ್ಲಿ ಎರಡು ಚಾನೆಲ್ಲನ್ನು ಬ್ರಿಡ್ಜ್ ಮಾಡುತ್ತಾರಲ್ಲ, ಅದೇ ಉಪಾಯ. ವೋಲ್ಟೇಜು ಎರಡರಷ್ಟಾಗುತ್ತದೆ, ಕರೆಂಟಿಗೆ ದಮ್ಮಿದ್ದರೆ ವ್ಯಾಟು ನಾಲ್ಕರಷ್ಟು. ಹಸಿದ ಹೆಡ್‌ಫೋನಿಗೆ ಅದು ಉಪಯೋಗದ್ದೇ. ಆದರೆ ಆ ಔಟ್‌ಪುಟ್ಟಿಗೆ ಮಾಮೂಲಿ ಮೂರು ತಂತಿಯ ಜ್ಯಾಕನ್ನು ಅಡಾಪ್ಟರ್ ಹಾಕಿ ಚುಚ್ಚಿದರೆ ಎರಡು ಚಾನೆಲ್ಲುಗಳ ನೆಗೆಟಿವ್ ಒಂದಾಗಿ ಶಾರ್ಟ್ ಆಗುತ್ತದೆ.

“ಲೆಕ್ಕ ಎಲ್ಲಾ ಸರಿ ಮಾಮ. ಆದ್ರೆ ಪೆಟ್ಟಿಗೇಲಿ ಕೇಳಿದ್ರೆ ದನಿ ಬೇರೇನೇ. ಮಂದ್ರಕ್ಕೆ ಮೈ ಬರ್ತೈತೆ, ಎಲ್ಲಾ ಬಿಡಿಸಿ ಕೇಳ್ತೈತೆ. ನೀವೇ ಕೇಳ್ರಿ.”

ಯಾವ ಹಾಡು ಎಂಬುದರ ಬಗ್ಗೆ ಚರ್ಚೆಯಾಗಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು. ಮನೆಗಳ ಕನ್ನಡದ ಕಿವಿ ಹೋಗಲಿಲ್ಲ. ರಾಯಚೂರಿನ ರೈಲುದಾರಿಯಲ್ಲಿ ಮಂತ್ರಾಲಯಂ ರೋಡ್ ಸ್ಟೇಷನ್ನು, ಆಲೂರಿನ ಕಡೆಗೆ ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ. ಈ ಸೀಮೆಯಲ್ಲಿ ದಾಸರ ಪದ ಕೇಳದೆ ಬೆಳೆಯುವುದು ಕಷ್ಟ. ಅಳಿಯ ಭೀಮಸೇನ ಜೋಶಿಯವರ ದಾಸವಾಣಿ ಹಾಕಿದ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯವೂ ಹೌದು. ಹೆಡ್‌ಫೋನ್ ವಿಮರ್ಶಕರು ಮತ್ತೆ ಮತ್ತೆ ಹಾಕುವ ವಿದೇಶಿ ಹಾಡುಗಳಲ್ಲಿ ಯಾವ ದನಿ ಸಹಜ ಎಂದು ನಮಗೆ ಗೊತ್ತಿರುವುದಿಲ್ಲ, ಇಲ್ಲಿ ಗೊತ್ತು. ತಂಬೂರಿಯ ಜೀವಾಳಿಯಿಂದ ಏಳುವ ಉಪಸ್ವರಗಳು ತಾರದಲ್ಲಿ ಎಲ್ಲಿಯವರೆಗೆ ಹೋಗುತ್ತವೆ, ಡಗ್ಗಾದ ಗುಂಕಾರ ಎಲ್ಲಿ ನಿಲ್ಲುತ್ತದೆ ಎಂಬುದು ಭಜನೆಗೆ ಕೂತವರಿಗೆಲ್ಲ ಪರಿಚಿತ. ತಬಲಾ, ಮೃದಂಗಗಳ ನಡುವಿನ ಕಪ್ಪು ಲೇಪವೇ ಅವುಗಳ ಉಪಸ್ವರಗಳನ್ನು ಶ್ರುತಿಬದ್ಧ ಮಾಡುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಹೆಡ್‌ಫೋನು ಯಾವುದೋ ಒಂದು ಕಡೆ ಉಬ್ಬಿದ್ದರೆ ಆ ಬೋಲು ಮೊದಲು ಕೆಡುತ್ತದೆ.

ಮಾಮ ಕಣ್ಣು ಮುಚ್ಚಿ ಕೇಳಿದರು. “ತಂಬೂರಿ ಚಲೋ ಐತೆ. ಎಡಗೈ ಎಲ್ಲಿ?”

“ಡಗ್ಗಾನಾ? ಇದರಲ್ಲಿ ಅದೇ ಹೆಚ್ಚುಗಾರಿಕೆ. ಕೇಳಲ್ವಾ?”

ಅಳಿಯ ಮಾಮನ ಕನ್ನಡಕವನ್ನು ಮೆಲ್ಲಗೆ ಎಳೆದು ತೆಗೆದ. ಕನ್ನಡಕದ ಕಡ್ಡಿ ಕುಶನ್ನನ್ನು ಕಿವಿಯ ಹಿಂದೆ ಎತ್ತಿ ಹಿಡಿದಿತ್ತು. ಸಂದು ಮುಚ್ಚಿದ ಕೂಡಲೇ ಡಗ್ಗಾ ತುಂಬಿಕೊಂಡಿತು, ಮಾಮನ ಹುಬ್ಬು ಮೇಲೇರಿತು. ಪ್ಲೇನಾರಿನ ಹಾಳೆಯ ಮುಂದಿನ ಗಾಳಿ ಸೋರಿದರೆ ತೀರ ಕೆಳಗಿನ ಮಂದ್ರ ಜಾರಿಹೋಗುತ್ತದೆ. ಕನ್ನಡಕ, ದಪ್ಪ ಕೂದಲು, ಹಳತಾಗಿ ಚಪ್ಪಟೆಯಾದ ಕುಶನ್ನು ಮಾಡುವ ಈ ವ್ಯತ್ಯಾಸ ಎರಡು ಒಳ್ಳೆಯ ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು, ಅದೂ ಯಾರಿಗೂ ಪುಕ್ಕಟೆಯಾಗಿ ಕೇಳಿಸುವಂಥದು.

ಮುಂದಿನ ಅಡ್ಡಿ ಗುಂಯ್ ಎನ್ನುವ ಸದ್ದು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದಾಗ ಪೆಟ್ಟಿಗೆಯಿಂದ ಸಣ್ಣಗೆ ಕೇಳುತ್ತಿತ್ತು. ಅಳಿಯ ಅದನ್ನು ಡಾಂಗಲ್ಲಿಗೂ ಪೆಟ್ಟಿಗೆಗೂ ಇರುವ ಗುಣಭೇದದ ಖಾತೆಗೆ ಹಾಕಿದ್ದ. ಮಾಮ ಟೆಸ್ಟರ್ ತೆಗೆದು ಪೆಟ್ಟಿಗೆಯ ಲೋಹದ ಮೈಗೆ ಮುಟ್ಟಿಸಿದರು, ದೀಪ ಮಿಣುಕಿತು. ಹಳೆಯ ಕಟ್ಟಡದ ಸಾಕೆಟ್ಟಿಗೆ ಅರ್ತಿಂಗ್ ಇರಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರು ಕಿತ್ತು ಫೋನಿನಿಂದ ಹಾಡು ಕೊಟ್ಟಾಗ ಗುಂಯ್ ಹೋಯಿತು.

“ಈಗ ಎರಡೂ ಒಂದೇ ಜೋರಿಗೆ ಇಡು.”

ಅಳಿಯ ಕಿವಿಯ ಅಂದಾಜಿನಿಂದ ಇಟ್ಟ. ಮಾಮ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, 200 ಹರ್ಟ್ಸಿನ ಸದ್ದು ಹಾಕಿಸಿ, ಹೆಡ್‌ಫೋನು ಸೇರಿಸಿಕೊಂಡೇ ಜ್ಯಾಕಿನ ತುದಿಗೂ ಬುಡಕ್ಕೂ ಕಡ್ಡಿ ಹಿಡಿದರು. ಡಾಂಗಲ್ಲಿನಲ್ಲಿ 200 ಮಿಲಿವೋಲ್ಟು. ಪೆಟ್ಟಿಗೆಯಲ್ಲಿ 250.

“ಇಲ್ಲೈತಲ್ಲ ನಿನ್ನ ಮಂದ್ರದ ಮೈ!”

ಅದು ಹತ್ತಿರ ಹತ್ತಿರ 2 ಡೆಸಿಬಲ್ ವ್ಯತ್ಯಾಸ. ಇಷ್ಟು ಚಿಕ್ಕ ಅಂತರವನ್ನು ಕಿವಿ ‘ಜೋರು’ ಎಂದು ಗುರುತಿಸುವುದು ಕಡಿಮೆ. ‘ಚೆನ್ನಾಗಿದೆ’, ‘ತುಂಬಿಕೊಂಡಿದೆ’ ಎನ್ನುತ್ತದೆ. ದನಿಯ ಮಟ್ಟ ಏರಿದಂತೆ ಮಂದ್ರ ನಮಗೆ ಹೆಚ್ಚು ಕೇಳುತ್ತದೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ಗೆರೆ ಹಾಕಿ ತೋರಿಸಿದ್ದರು. ಆಂಪ್ಲಿಫೈಯರ್ ಮಾರುವವನಿಗೆ ಇದು ಚೆನ್ನಾಗಿ ಗೊತ್ತು, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಎರಡು ಆಂಪ್ಲಿಫೈಯರುಗಳನ್ನು ತೂಗಿ ನೋಡಬೇಕಾದರೆ ಅಂತರ 0.1 ಡೆಸಿಬಲ್ಲಿಗೆ ಇಳಿಯಬೇಕು; ವೋಲ್ಟೇಜಿನಲ್ಲಿ ಅದು ನೂರಕ್ಕೆ ಒಂದರಷ್ಟು. ಮೀಟರಿಲ್ಲದೆ ಅದು ಆಗದು.

ಇಷ್ಟಾದ ಮೇಲೆ ಮಾಮ ಸುಮ್ಮನಿರಲಿಲ್ಲ. ಡಾಂಗಲ್ಲಿನ ಔಟ್‌ಪುಟ್ಟನ್ನು ಎರಡು ಕವಲು ಮಾಡಿದರು. ಒಂದು ನೇರ ಟಾಗಲ್ ಸ್ವಿಚ್ಚಿಗೆ, ಇನ್ನೊಂದು ಪೆಟ್ಟಿಗೆಯ ಮೂಲಕ ಅದೇ ಸ್ವಿಚ್ಚಿಗೆ. ಪೆಟ್ಟಿಗೆಯ ವಾಲ್ಯೂಮನ್ನು ಎರಡೂ ಕಡೆ 200 ಮಿಲಿವೋಲ್ಟ್ ತೋರುವಂತೆ ನಿಲ್ಲಿಸಿದರು. ಅಳಿಯನನ್ನು ಬೆನ್ನು ತಿರುಗಿಸಿ ಕೂಡಿಸಿ, ನಾಣ್ಯ ಚಿಮ್ಮಿ, ಬಿದ್ದ ಹಾಗೆ ಸ್ವಿಚ್ಚು ಹಾಕುತ್ತಾ ಹೋದರು. ಯಾವುದು ಪೆಟ್ಟಿಗೆ, ಯಾವುದು ಬರೀ ಡಾಂಗಲ್ಲು ಎಂದು ಅವನು ಹೇಳಬೇಕು. ಅಳಿಯನ ಉತ್ತರಗಳಲ್ಲಿ ಅರ್ಧಕ್ಕರ್ಧ ಸರಿ, ಅರ್ಧಕ್ಕರ್ಧ ತಪ್ಪು. ನಾಣ್ಯಕ್ಕಿಂತ ಅವನು ಮೇಲೇನೂ ಅಲ್ಲ.

“ಇದು ನ್ಯಾಯ ಅಲ್ಲ ಮಾಮ. ಹಿಂಗೆ ಅವಸರದಲ್ಲಿ ಕೇಳಿದ್ರೆ ಏನು ಗೊತ್ತಾಗ್ತೈತೆ? ದಿನಾ ಕೇಳ್ತಾ ಕೇಳ್ತಾ ಗೊತ್ತಾಗೋದು.”

“ದಿನಾ ಕೇಳು, ಬ್ಯಾಡ ಅಂದೋರ್ಯಾರು. ಆದ್ರೆ ಯಾವುದು ಓಡ್ತೈತೆ ಅಂತ ನಿನಗೆ ಗೊತ್ತಿರಬಾರದು, ಅಷ್ಟೇ.”

ಈ ಜಗಳ ಹಳೆಯದು. ಬ್ರಿಟನ್ನಿನಲ್ಲಿ 1978ರಲ್ಲಿ ಕ್ವಾಡ್ ಕಂಪನಿಯ ಮೂರು ಆಂಪ್ಲಿಫೈಯರುಗಳನ್ನು, ಅಂದರೆ ಹಳೆಯ ವಾಲ್ವಿನ ಕ್ವಾಡ್ II, ಟ್ರಾನ್ಸಿಸ್ಟರಿನ 303 ಮತ್ತು 405 ಇವನ್ನು, ಪಳಗಿದ ಕಿವಿಯವರ ಮುಂದೆ ಹೆಸರು ಮುಚ್ಚಿ ನುಡಿಸಿದಾಗಲೂ ಯಾವುದು ಯಾವುದೆಂದು ನಂಬುವಂತೆ ಬೇರ್ಪಡಿಸಲು ಆಗಿರಲಿಲ್ಲ. ಶಕ್ತಿಯ ಮಿತಿಯೊಳಗೆ ಇದ್ದಾಗ ಮಾತ್ರ ಎಂಬ ಷರತ್ತು ಅದರಲ್ಲಿತ್ತು. ಆ ಷರತ್ತು ಮುಖ್ಯ. ಡಾಂಗಲ್ಲಿಗೆ ಎಚ್‌ಇ-6 ಕಟ್ಟಿದ್ದರೆ ಅಳಿಯ ತಪ್ಪದೆ ಹೇಳುತ್ತಿದ್ದ. ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಅಳತೆ: 16 ಸಲ ಕೇಳಿ 12 ಸಲ ಸರಿ ಹೇಳಿದರೆ, ಅದು ಬರೀ ಅದೃಷ್ಟದಿಂದ ಆಗುವ ಸಂಭವ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಅಲ್ಲಿಯವರೆಗೆ ‘ನನಗೆ ಕೇಳಿಸುತ್ತದೆ’ ಎನ್ನುವುದನ್ನು ತಡೆಹಿಡಿಯಬಹುದು.

“ಹಂಗಾದ್ರೆ ಈ ಪೆಟ್ಟಿಗೆ ದಂಡಾನಾ?”

ಮಾಮ ತಲೆ ಎತ್ತಿ ಫ್ಯಾನಿನ ಕಡೆ ನೋಡಿದರು. ಇಂಥ ಪ್ಲೇನಾರುಗಳ ಹಿಂಬದಿ ಜಾಲರಿ, ಹೊರಗಿನ ಸದ್ದೆಲ್ಲ ಒಳಕ್ಕೆ. ಆದವಾನಿಯ ಸೆಖೆಯಲ್ಲಿ ಫ್ಯಾನು ನಿಲ್ಲಿಸಿದರೆ ವೆಲ್ವೆಟ್ ಕುಶನ್ನು ಹತ್ತು ನಿಮಿಷಕ್ಕೆ ಒದ್ದೆ. ಹಾಕಿದರೆ ತಂಬೂರಿಯ ಸಣ್ಣ ಎಳೆಗಳು ಗಾಳಿಯ ಸದ್ದಿನಲ್ಲಿ ಮುಳುಗುತ್ತವೆ. ಈಗಿನ ಒಳ್ಳೆಯ ಆಂಪ್ಲಿಫೈಯರುಗಳ ವಿರೂಪ, ಹಾಡಿನ ಮಟ್ಟಕ್ಕಿಂತ 100 ಡೆಸಿಬಲ್ ಕೆಳಗೆ. ಅದರ ಮೇಲೆ ಹಣ ಸುರಿಯುವ ಮುನ್ನ ಫ್ಯಾನಿನ ಬೇರಿಂಗ್ ಬದಲಿಸುವುದು ಲೇಸು.

“ದಂಡ ಅಲ್ಲ. ನಾಳೆ ಹಸಿವಿನ ಹೆಡ್‌ಫೋನ್ ತಗೊಂಡ್ರೆ ಬೇಕಾಗ್ತೈತೆ. ಈಗ ಬೇಕಿರಲಿಲ್ಲ. ಹೆಡ್‌ಫೋನ್ ಯಾಕೋ ಮ್ಯಾಲೆ ಚೂರು ಚುಚ್ತೈತೆ, ಅದನ್ನ ಇಳಿಸೋಕೆ ಏನೂ ಇಲ್ಲೇನು?”

“ಈಕ್ವಲೈಜರ್ ಐತೆ, ಫೋನಲ್ಲೇ. ದುಡ್ಡಿಲ್ಲ.”

“ಅದನ್ನ ಮಾಡೋದು ಬಿಟ್ಟು...” ಮಾಮ ಮಾತು ಪೂರ್ತಿ ಮಾಡದೆ ಡಯಾಫ್ರಾಮಿಗೆ ಮರಳಿದರು. ಅಳಿಯ ತಾರದ ಪಟ್ಟಿಯನ್ನು ಎರಡು ಡೆಸಿಬಲ್ ಇಳಿಸಿದ. ಕಣ್ಣು ಮುಚ್ಚಿ ಗುರುತಿಸಬಲ್ಲ ವ್ಯತ್ಯಾಸ ಅಂದು ಆ ಬೆಂಚಿನ ಮೇಲೆ ಆದದ್ದು ಮೂರೇ: ಕನ್ನಡಕ ತೆಗೆದದ್ದು, ಗುಂಯ್ ಹೋದದ್ದು, ಈಗ ಇದು.

ಪ್ಲೇನಾರಿಗೆ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಹೆಡ್‌ಫೋನಿನ ಓಮ್ ಮತ್ತು ಒಂದು ಮಿಲಿವ್ಯಾಟಿನ ಡೆಸಿಬಲ್ ಎರಡನ್ನೂ ಬರೆದುಕೊಂಡು ಹೋಗಿ. ಅಷ್ಟು ಓಮಿಗೆ ಎಷ್ಟು ಮಿಲಿವ್ಯಾಟು ಎಂದು ಕೇಳಿ. ಉತ್ತರ ಸಿಗದ ಅಂಗಡಿಯಿಂದ ಎದ್ದು ಬನ್ನಿ. ಇನ್ನೊಂದು ಮಾತು. ಒಂದು ವ್ಯಾಟು ಪೂರ್ತಿ ಹರಿದರೆ ಆ 91 ಡೆಸಿಬಲ್ಲಿನ ಹೆಡ್‌ಫೋನು 121 ಡೆಸಿಬಲ್ ಕೂಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿದ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಜ್ಯಾಕ್ ಸಿಕ್ಕಿಸುವ ಮೊದಲು ವಾಲ್ಯೂಮನ್ನು ಸೊನ್ನೆಗೆ ಇಳಿಸಿರಿ.